ಚೆಂಡು ಬಿಟ್ಟು ಓಡುವ ಹುಡುಗರು

ಹಿರಿಯೂರಿನಲ್ಲಿ ಆಡಿದ ಮೊದಲ ಫುಟ್‌ಬಾಲ್ ಪಂದ್ಯದಲ್ಲಿ ನಮ್ಮ ಹುಡುಗರು ಎಷ್ಟು ಗೋಲು ಹೊಡೆಸಿಕೊಂಡು ಬಂದರು ಎಂದು ಪ್ರಾಂಶುಪಾಲರು ಕೇಳಿದಾಗ ನಾನು ಲೆಕ್ಕ ಹೇಳಲಿಲ್ಲ. "ಸ್ವಲ್ಪ ಜಾಸ್ತಿ ಆಯ್ತು ಸಾರ್" ಎಂದೆ. ಅವರು ಕನ್ನಡಕ ತೆಗೆದು ಒರೆಸುತ್ತಾ, "ಹೋಗ್ಲಿ ಬಿಡ್ರಿ, ಆಡಿದ್ರಲ್ಲ, ಸಾಕು" ಎಂದರು. ಅವರಿಗೆ ನಿಜವಾಗಿಯೂ ಅಷ್ಟೇ ಸಾಕಿತ್ತು. ಆ ವರ್ಷ ಯಾವುದೋ ತಪಾಸಣಾ ಸಮಿತಿ ಬರುವುದಿತ್ತು. ಕಾಲೇಜಿನಲ್ಲಿ ಯಾವ ಯಾವ ಆಟಗಳಿವೆ ಎಂದು ಅವರು ಕೇಳುತ್ತಾರಂತೆ. ಅದಕ್ಕಾಗಿ ಚಿತ್ರದುರ್ಗದಲ್ಲಿ ನಡೆಯುವ ವಲಯ ಮಟ್ಟದ ಫುಟ್‌ಬಾಲ್ ಪಂದ್ಯಾವಳಿಗೆ ನಮ್ಮ ಹೆಸರು ಕೊಟ್ಟಾಗಿತ್ತು. ಹೊಳಲ್ಕೆರೆಯ ನಮ್ಮ ಕಾಲೇಜಿನಲ್ಲಿ ಅದುವರೆಗೆ ಇದ್ದ ಒಂದೇ ಒಂದು ಫುಟ್‌ಬಾಲ್, ಸ್ಟೋರ್ ರೂಮಿನ ಕಪಾಟಿನಲ್ಲಿ ಗಾಳಿಯಿಲ್ಲದೆ ಮುದುಡಿ ಮಲಗಿತ್ತು.

ನಾನು ಅಲ್ಲಿ ದೈಹಿಕ ಶಿಕ್ಷಣ ನಿರ್ದೇಶಕ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನನ್ನ ಆಟ ವಾಲಿಬಾಲ್. ನಡುವೆ ನೆಟ್ ಇರುತ್ತದೆ, ಯಾರೂ ಯಾರ ಮೈಮೇಲೂ ಬೀಳುವುದಿಲ್ಲ. ಫುಟ್‌ಬಾಲಿನ ಬಗ್ಗೆ ನನಗಿದ್ದ ತಿಳಿವಳಿಕೆಯೆಲ್ಲ ತರಬೇತಿ ಕಾಲೇಜಿನಲ್ಲಿ ಕಲಿತದ್ದು. ಅಲ್ಲೇ ಒಂದು ಸಂಜೆ ಸಹಪಾಠಿಯೊಬ್ಬನ ಮೊಣಕಾಲ ಕೆಳಗಿನ ಮೂಳೆ ಮುರಿದ ಸದ್ದನ್ನು ಗೆರೆಯಾಚೆ ನಿಂತಿದ್ದ ನಾನು ಕೇಳಿದ್ದೆ. ಒಣಗಿದ ಸೌದೆ ಕಡ್ಡಿ ಮುರಿದಂತೆ ಇತ್ತು ಅದು. ಅವನು ಆಮೇಲೆ ನೆಟ್ಟಗೆ ನಡೆಯಲಿಲ್ಲ. ಆ ಆಟದ ಹೆಸರೆತ್ತಿದರೆ ನಾನು ಮಾತು ಬದಲಿಸುತ್ತಿದ್ದೆ. ಅಂಥವನ ಕೈಗೆ ಸೀಟಿ ಕೊಟ್ಟು, ತಂಡ ಕಟ್ಟಪ್ಪ ಎಂದಿದ್ದರು.

ನನ್ನ ಬಳಿ ಇದ್ದವರು ಖೋಖೋ ಹುಡುಗರು. ಸುತ್ತಲ ಹಳ್ಳಿಗಳ ಹೈಸ್ಕೂಲುಗಳಲ್ಲಿ ಆಡಿಸುವುದು ಅದನ್ನೇ. ಓಟದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಓಡುವ ಹುಡುಗರು ತಾನೇ ಬೇಕು, ಕಾಲಿಗೊಂದು ಚೆಂಡು ಕೊಟ್ಟರಾಯಿತು ಎಂದುಕೊಂಡೆ. ಹಿರಿಯೂರಿನಲ್ಲಿ ಆ ಭ್ರಮೆ ಇಳಿಯಿತು. ಪೂರ್ತಿ ಪಂದ್ಯದಲ್ಲಿ ನಮ್ಮವರಲ್ಲಿ ಒಬ್ಬನೂ ಚೆಂಡನ್ನು ಹತ್ತು ಮಾರು ದೂರ ಒಯ್ಯಲಿಲ್ಲ. ಚೆಂಡು ಸಿಗುತ್ತಿತ್ತು, ಓಟ ಶುರುವಾಗುತ್ತಿತ್ತು, ಎದುರಾಳಿ ಹತ್ತಿರ ಬರುತ್ತಿದ್ದಂತೆ ನಮ್ಮವನು ಇನ್ನೂ ಓಡುತ್ತಲೇ ಇರುತ್ತಿದ್ದ, ಚೆಂಡು ಮಾತ್ರ ಎದುರಾಳಿಯ ಕಾಲಲ್ಲಿರುತ್ತಿತ್ತು. ಅಲ್ಲಿನ ಜನ ಬಿದ್ದು ಬಿದ್ದು ನಕ್ಕರು.

ಮಾರನೆಯ ದಿನದಿಂದ ನಾನು ಕಾರಣ ಹುಡುಕಲು ಹೊರಟೆ. ಮೊದಲು ಬೂಟಿನ ಮೇಲೆ ಅನುಮಾನ ಬಂತು. ಬರಿಗಾಲಲ್ಲಿ ಬೆಳೆದ ಹುಡುಗರಿಗೆ ಕ್ಯಾನ್ವಾಸ್ ಬೂಟು ಹಾಕಿಸಿದ್ದೆ. ಬಿಚ್ಚಿಸಿ ನೋಡಿದೆ, ವ್ಯತ್ಯಾಸವಾಗಲಿಲ್ಲ. ಮೈದಾನದ ಗರಸು ಕಲ್ಲು ಆರಿಸಿ ತೆಗೆಸಿದೆ. ಇಟ್ಟಿಗೆಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ಸಂದಿಯಲ್ಲಿ ಹಾವಿನಂತೆ ಚೆಂಡು ಒಯ್ಯುವ ಅಭ್ಯಾಸ ಮಾಡಿಸಿದೆ. ಇಟ್ಟಿಗೆ ಎದುರಿಗೆ ಎಲ್ಲರೂ ಜಾಣರೇ. ಅದರಲ್ಲೂ ರಾಮಗಿರಿಯಿಂದ ಬರುತ್ತಿದ್ದ ಹುಡುಗನೊಬ್ಬನಿದ್ದ, ನಡುವೆ ಮೂರ್ನಾಲ್ಕು ವರ್ಷ ಓದು ಬಿಟ್ಟು ಬಂದವನು, ಕೊನೆಯ ವರ್ಷದ ಬಿ.ಎ. ತೆಳ್ಳಗೆ, ಉದ್ದಕಾಲಿನವನು. ಚೆಂಡು ಅವನ ಕಾಲಿಗೆ ಅಂಟಿಕೊಂಡು ಹೋಗುತ್ತಿತ್ತು. ಎದುರಿಗೆ ಇಟ್ಟಿಗೆ ತೆಗೆದು ಮನುಷ್ಯನನ್ನು ನಿಲ್ಲಿಸಿದರೆ ಅವನೂ ಉಳಿದವರಂತೆಯೇ.

"ಲೇ, ಯಾಕೆ ಬಿಡ್ತೀಯ ಚೆಂಡನ್ನ? ಅವನೇನು ನುಂಗ್ತಾನಾ?" ಎಂದು ಗದರಿದೆ.

"ಬಿಡಬಾರ್ದು ಅಂತಾನೇ ಓಡ್ತೀನಿ ಸಾರ್. ಹೆಂಗೆ ಬಿಟ್ಟೋಗುತ್ತೋ ಗೊತ್ತಾಗಲ್ಲ" ಎಂದ. ಸುಳ್ಳು ಹೇಳುವ ಮುಖವಲ್ಲ ಅದು.

ಆ ವಾರವೇ ಊರಿನ ಹಳೆಯ ಆಟಗಾರರ ಜೊತೆ ಒಂದು ಪಂದ್ಯ ಇಟ್ಟುಕೊಂಡೆವು. ಅದರಲ್ಲಿ ಒಬ್ಬ ದಪ್ಪ ಮನುಷ್ಯ ರಾಮಗಿರಿಯ ಹುಡುಗನ ಚೆಂಡಿಗೆಂದು ಕಾಲು ಚಾಚಿದ್ದು ಅವನ ಮೊಣಕಾಲ ಕೆಳಗೆ ತಗುಲಿತು. ಹುಡುಗ ಅಂಗಾತ ಬಿದ್ದ. ನಾನು ಓಡಿದ್ದು ನೆನಪಿಲ್ಲ, ಅವನ ಪಕ್ಕ ಮಂಡಿಯೂರಿ ಕುಳಿತಿದ್ದಷ್ಟೇ ನೆನಪು. ಹಿಮ್ಮಡಿಯಿಂದ ಮೇಲಕ್ಕೆ ಮೂಳೆಯನ್ನು ಬೆರಳಿನಿಂದ ಒತ್ತುತ್ತಾ ಹೋದೆ. ಮುಗಿದ ಮೇಲೆ ಮತ್ತೆ ಹಿಮ್ಮಡಿಯಿಂದ ಶುರು ಮಾಡಿದೆ. ಚರ್ಮ ಕಿತ್ತು ರಕ್ತ ಬಂದಿತ್ತು, ಮೂಳೆಗೇನೂ ಆಗಿರಲಿಲ್ಲ. "ಎಷ್ಟು ಸಲ ಒತ್ತುತೀರಿ ಸಾರ್, ಏನೂ ಆಗಿಲ್ಲ" ಎಂದು ಅವನೇ ನನಗೆ ಸಮಾಧಾನ ಹೇಳಿದ.

ಎರಡು ದಿನ ಬಿಟ್ಟು ಅವನ ಅಣ್ಣ ಬಂದರು. ರಾಮಗಿರಿ ಸ್ಟೇಷನ್ನಿನ ಕಡೆ ಹಳಿ ನೋಡಿಕೊಳ್ಳುವ ರೈಲ್ವೆ ಗ್ಯಾಂಗಿನಲ್ಲಿ ಕೆಲಸ. ಸೈಕಲ್ಲನ್ನು ಬೇವಿನ ಮರಕ್ಕೆ ಒರಗಿಸಿ, ಚಪ್ಪಲಿಯನ್ನು ಹೊರಗೇ ಬಿಟ್ಟು ನನ್ನ ಕೋಣೆಯ ಬಾಗಿಲಲ್ಲಿ ನಿಂತರು. "ಒಳಗೆ ಬರ್ರಿ, ಕುಂತ್ಕಳ್ರಿ" ಎಂದರೂ ಕೂರಲಿಲ್ಲ.

"ಸಾರ್, ನನ್ನ ತಮ್ಮ ಪೊಲೀಸಿಗೆ ಬರ್ದವ್ನೆ. ಬರೆಯೋದು ಪಾಸಾಗೈತೆ. ಇನ್ನೇನು ಓಟ, ಜಿಗಿತ ಅದೇ ಉಳ್ದಿರೋದು. ದುರ್ಗದಾಗೆ ಕರೀತಾರಂತೆ."

"ಗೊತ್ತು. ಹೇಳಿದ್ದಾನೆ."

"ಓಟ ಅವನಿಗೆ ಲೆಕ್ಕಕ್ಕಿಲ್ಲ ಬಿಡ್ರಿ. ಕಾಲು ಒಂದು ನೆಟ್ಟಗಿದ್ರೆ ಆಯ್ತು." ಅವರು ಹೆಗಲ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು. "ಆಡಬ್ಯಾಡ ಅಂತ ನಾನಂದ್ರೆ ಕೇಳಲ್ಲ. ನೀವು ಬ್ಯಾಡ ಅಂದ್ರೆ ಕೇಳ್ತಾನೆ. ಮೂರು ಸಲ ಬರ್ದು ಈಗ ಪಾಸಾಗೈತೆ ಸಾರ್. ವಯಸ್ಸು ಮುಗೀತಾ ಬಂತು. ಇನ್ನೊಂದು ಸಲ ಇಲ್ಲ."

ಹುಡುಗನನ್ನು ಕರೆಸಿದೆ. ಅಣ್ಣನನ್ನು ನೋಡುತ್ತಲೇ ಮುಖ ಸಿಂಡರಿಸಿದ. "ನಾನು ಆಡ್ತೀನಿ ಸಾರ್. ಹಿರಿಯೂರಾಗೆ ನಕ್ಕರಲ್ಲ, ನೀವೂ ನೋಡಿದ್ರಲ್ಲ" ಎಂದ. ಅಣ್ಣ ಹೋಗುವಾಗ ನನ್ನ ಕಡೆ ತಿರುಗಿ, "ನಿಮ್ಮ ಕೈಯಾಗೆ ಬಿಟ್ಟೀನಿ ಸಾರ್" ಎಂದರು. ಬೈದು ಹೋಗಿದ್ದರೆ ಚೆನ್ನಾಗಿತ್ತು. ಅಂದಿನಿಂದ ನನಗೆ ಆ ಹುಡುಗನ ಮುಖ ಕಾಣುವುದೇ ನಿಂತಿತು, ಅವನ ಎರಡು ಕಾಲುಗಳಷ್ಟೇ ಕಾಣುತ್ತಿದ್ದವು.

ಕಾಲಿನ ರಕ್ಷಣೆಗೆ ಏನಾದರೂ ಬೇಕಿತ್ತು. ಅಂಗಡಿಯಲ್ಲಿ ಸಿಗುವ ಪ್ಯಾಡು ನಮ್ಮೂರಿನಲ್ಲಿ ಯಾರೂ ಕಂಡಿರಲಿಲ್ಲ. ಒಬ್ಬ ಹುಡುಗ ತೋಟದಿಂದ ಅಡಿಕೆ ಹಾಳೆ ತಂದ. ನೆನೆಸಿ, ಮೊಣಕಾಲ ಕೆಳಗಿನ ಅಳತೆಗೆ ಕತ್ತರಿಸಿ, ಕಾಲಿಗೆ ಸುತ್ತಿ ಒಣಗಲು ಬಿಟ್ಟರೆ ಅದೇ ಆಕಾರಕ್ಕೆ ಗಟ್ಟಿಯಾಗಿ ಕೂರುತ್ತದೆ. ಮೇಲೆ ಉದ್ದ ಕಾಲುಚೀಲ. ಎಲ್ಲರಿಗೂ ಒಂದೊಂದು ಜೊತೆ, ರಾಮಗಿರಿಯವನಿಗೆ ಮಾತ್ರ ನಾನೇ ಎರಡು ಪದರ ಹಾಕಿಸಿದೆ. ಉಳಿದವರು, "ಸಾರ್‌ಗೆ ಒಬ್ಬನೇ ಮಗ" ಎಂದು ಗೇಲಿ ಮಾಡಿದರು. ಮಾಡಿಕೊಳ್ಳಲಿ.

ಕಾರಣ ಸಿಕ್ಕಿದ್ದು ಒಂದು ಸಂಜೆ, ಅದೂ ಫುಟ್‌ಬಾಲ್ ಅಭ್ಯಾಸ ಮುಗಿದ ಮೇಲೆ. ಬಸ್ಸಿಗೆ ಇನ್ನೂ ಹೊತ್ತಿತ್ತು ಎಂದು ಹುಡುಗರು ತಮ್ಮ ಪಾಡಿಗೆ ಖೋಖೋಗೆ ಕುಳಿತರು. ನಾನು ಚೆಂಡುಗಳನ್ನು ಬಲೆಗೆ ತುಂಬುತ್ತಾ ನೋಡುತ್ತಿದ್ದೆ. ರಾಮಗಿರಿಯವನು ಓಡುತ್ತಿದ್ದ, ಬೆನ್ನಟ್ಟುವವನು ಕೈ ಚಾಚಿ ಬಂದ. ಇನ್ನೇನು ಬೆರಳು ತಾಗಬೇಕು, ಅಷ್ಟರಲ್ಲಿ ಹುಡುಗ ಸೊಂಟವನ್ನು ಬಿಲ್ಲಿನಂತೆ ಒಳಗೆ ಎಳೆದು, ಎಡಗಾಲ ಮೇಲೆ ತಿರುಗಿ ಪಾರಾದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಬಲೆ ಕೆಳಗಿಟ್ಟೆ. ಅದೇ ಸೊಂಟ, ಅದೇ ಎಡಗಾಲು. ಹಿರಿಯೂರಿನಲ್ಲಿ ಚೆಂಡು ಕಳೆದುಕೊಂಡಾಗಲೆಲ್ಲ ಅವನು ಮಾಡಿದ್ದು ಇದನ್ನೇ.

ಖೋಖೋದಲ್ಲಿ ಓಡುವವನ ಮೈಗೆ ಎದುರಾಳಿಯ ಬೆರಳು ತಾಗಿದರೆ ಆಟ ಮುಗಿಯಿತು, ಅವನು ಔಟ್. ಸಣ್ಣ ವಯಸ್ಸಿನಿಂದ ಈ ಹುಡುಗರ ಮೈಗೆ ಕಲಿಸಿದ್ದು ಒಂದೇ ಪಾಠ: ತಾಗಿಸಿಕೊಳ್ಳಬೇಡ. ಚೆಂಡು ಕಾಲಲ್ಲಿದ್ದರೂ ಯಾರೋ ಮೈಮೇಲೆ ಬಂದರೆ ಅವರು ಮೈ ಉಳಿಸಿಕೊಳ್ಳುತ್ತಿದ್ದರು. ಚೆಂಡು ಹೋದದ್ದು ಅವರ ಗಮನಕ್ಕೂ ಬರುತ್ತಿರಲಿಲ್ಲ. ಖಾತ್ರಿ ಮಾಡಿಕೊಳ್ಳಲು ಎದುರಾಳಿಯ ಕೈಗಳನ್ನು ಟವೆಲಿನಿಂದ ಹಿಂದೆ ಕಟ್ಟಿಸಿ ನಿಲ್ಲಿಸಿದೆ. ರಾಮಗಿರಿಯವನು ಚೆಂಡು ಸಮೇತ ಪಕ್ಕದಲ್ಲೇ ನುಗ್ಗಿ ಹೋದ. ಟವೆಲು ಬಿಚ್ಚಿಸಿದೆ. ಮತ್ತೆ ಸೊಂಟ ಬಾಗಿತು, ಚೆಂಡು ಹಿಂದೆಯೇ ಉಳಿಯಿತು.

"ಕೈ ಬಂತು ಅಂದ್ರೆ ಕಾಲು ತಾನೇ ಹೋಗುತ್ತೆ ಸಾರ್, ನಾನೇನು ಮಾಡ್ಲಿ" ಎಂದ. ಸುತ್ತ ನಿಂತಿದ್ದವರೆಲ್ಲ ತಲೆಯಾಡಿಸಿದರು.

ಕಾರಣ ಸಿಕ್ಕಿತು ಎಂದು ಹಿಗ್ಗಿದ್ದು ಆ ಒಂದು ಸಂಜೆ ಮಾತ್ರ. ಮರುದಿನದಿಂದ ಅವರ ಮೈಗೆ ತಾಗಿಸಿಕೊಳ್ಳುವುದನ್ನು ಕಲಿಸಲು ಶುರು ಮಾಡಿದೆ. ಕಬಡ್ಡಿ ತಂಡದ ಗಟ್ಟಿ ಆಳುಗಳನ್ನು ಕರೆತಂದು ಎದುರಿಗೆ ನಿಲ್ಲಿಸಿ, ಭುಜಕ್ಕೆ ಭುಜ ಕೊಟ್ಟು ನುಗ್ಗಿ ಎಂದೆ. "ಬಿಡಬೇಡ, ಬಿಡಬೇಡ" ಎಂದು ಕೂಗಿ ಕೂಗಿ ಗಂಟಲು ಕಟ್ಟಿತು. ಕೆಲವರು ಕಲಿತರು ಕೂಡ. ರಾಮಗಿರಿಯವನೂ ಹಟ ಹಿಡಿದು ನುಗ್ಗಿದ. ನಾನು ಹತ್ತಿರ ಹೋಗಿ ಅವನ ಮುಖ ನೋಡಿದೆ. ಡಿಕ್ಕಿಯಾಗುವ ಮುಂಚೆ ಅವನು ಕಣ್ಣು ಮುಚ್ಚುತ್ತಿದ್ದ. ಕಣ್ಣು ಮುಚ್ಚಿದಾಗ ಮುಂದಿನ ಕಾಲು ನೆಲಕ್ಕೆ ಕಂಬದಂತೆ ಊರಿಕೊಳ್ಳುತ್ತಿತ್ತು. ಹಾಗೆ ಊರಿದ ಕಾಲಿಗೇ ಏಟು ಬಿದ್ದು ಮೂಳೆ ಮುರಿದದ್ದನ್ನು ನಾನು ಕಂಡಿದ್ದೆ. ಸೊಂಟ ಬಾಗಿಸಿ ತಪ್ಪಿಸಿಕೊಳ್ಳುವ ಆ ಅಭ್ಯಾಸವೊಂದೇ ಇಷ್ಟು ದಿನ ಅವನ ಕಾಲು ಕಾಯ್ದಿತ್ತು, ನಾನು ಅದನ್ನೇ ಕಿತ್ತು ಹಾಕುತ್ತಿದ್ದೆ. ಸೀಟಿ ಊದಿ ಆಟ ನಿಲ್ಲಿಸಿದೆ. ಕಬಡ್ಡಿಯವರನ್ನು ಮನೆಗೆ ಕಳಿಸಿದೆ.

ಮೈದಾನದ ಗೋಡೆಯ ಮೇಲೆ ತುಂಬಾ ಹೊತ್ತು ಕುಳಿತಿದ್ದೆ. ಕಡೆಗೆ ಎದ್ದು ಹೋಗಿ, "ಆಯ್ತು, ಇನ್ಮೇಲೆ ಬಿಡ್ರೋ. ಮೈ ಉಳಿಸಿಕೊಳ್ಳಿ, ಚೆಂಡು ಬಿಡ್ರಿ. ಆದ್ರೆ ನಮ್ಮೋನಿಗೆ ಬಿಡ್ರಿ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಮಾಡಿ ತೋರಿಸಿದೆ. ಚೆಂಡು ಒಯ್ಯುವವನ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ನಮ್ಮವನೊಬ್ಬ ಓಡುತ್ತಿರಬೇಕು. ಎದುರಾಳಿ ಮೈಮೇಲೆ ಬಂದಾಗ ಮುಂದಿನವನು ಅಂಗಾಲಿನಿಂದ ಚೆಂಡನ್ನು ತಡೆದು ನಿಲ್ಲಿಸಿ, ತನ್ನ ಮೈಯನ್ನು ಎಂದಿನಂತೆ ತಿರುಗಿಸಿಕೊಂಡು ಹೋಗಬೇಕು. ಎದುರಾಳಿಯ ಕಣ್ಣು ಆ ಮೈಯ ಹಿಂದೆ ಹೋಗುತ್ತದೆ. ನಿಂತ ಚೆಂಡು ಹಿಂದಿನವನಿಗೆ. ಆದರೆ ಹಿಂದೆ ಯಾರಾದರೂ ಇದ್ದಾರೋ ಇಲ್ಲವೋ ಎಂದು ಮುಂದಿನವನಿಗೆ ತಿಳಿಯುವುದು ಹೇಗೆ? ಅದನ್ನು ಬಗೆಹರಿಸಿದವನು ಗೋಲು ಕಾಯುವ ಹುಡುಗ, ನಮ್ಮ ಗೋಲಿ.

"ಖೋ ಅಂದ್ರಾಯ್ತಲ್ಲ ಸಾರ್" ಎಂದ.

ಖೋಖೋದಲ್ಲಿ ಕುಳಿತವನ ಬೆನ್ನಿಗೆ ಕೈ ತಾಗಿಸಿ ಖೋ ಎಂದರೆ ಅವನು ಎದ್ದು ಓಡಬೇಕು, ಎಂದವನು ಅಲ್ಲೇ ಕೂರಬೇಕು. ಅದು ಅವರ ರಕ್ತದಲ್ಲಿತ್ತು. ಹಿಂದಿನವನು ಸಿದ್ಧವಾಗಿದ್ದರೆ ಖೋ ಎನ್ನುವುದು, ಖೋ ಕೇಳಿದರೆ ಮಾತ್ರ ಚೆಂಡು ಬಿಡುವುದು. ಇಷ್ಟೇ ನಿಯಮ. ವಾರ ಕಳೆಯುವುದರೊಳಗೆ ಚೆಂಡು ಮೈದಾನದ ಈ ತುದಿಯಿಂದ ಆ ತುದಿಗೆ ಹೋಗತೊಡಗಿತು. ಯಾರಿಗೂ ಏಟಾಗುತ್ತಿರಲಿಲ್ಲ. ನಾನು ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬಾ ಉಂಡೆ.

ಪಂದ್ಯಾವಳಿಯ ದಿನ ದುರ್ಗದಲ್ಲಿ ಬಿಸಿಲು, ಜೋಗಿಮಟ್ಟಿಯ ಕಡೆಯಿಂದ ಬೀಸುವ ಗಾಳಿ. ಬೆಳಗಿನ ಪಂದ್ಯದಲ್ಲಿ ನಮ್ಮವರು ಖೋ ಎಂದಾಗ ಎದುರು ತಂಡದವರು ನಕ್ಕರು. ಸ್ವಲ್ಪ ಹೊತ್ತಿನಲ್ಲೇ ನಗು ನಿಂತಿತು. ಅವರು ಖಾಲಿ ಮೈಗಳ ಹಿಂದೆ ಓಡಿ ಓಡಿ ಸುಸ್ತಾದರು, ನಾವು ಗೆದ್ದೆವು. ಹುಡುಗರು ನನ್ನನ್ನು ಎತ್ತಿಕೊಂಡು ಕುಣಿದರು. ಪ್ರಾಂಶುಪಾಲರಿಗೆ ಫೋನ್ ಮಾಡಿ ಹೇಳಿದೆ. ಅವರು, "ಹೌದೇನ್ರಿ? ನಿಜವಾಗ್ಲೂನಾ?" ಎಂದು ಎರಡು ಸಲ ಕೇಳಿದರು.

ಮಧ್ಯಾಹ್ನದ ಪಂದ್ಯ ದುರ್ಗದ ತಂಡದ ಮೇಲೆ. ಅವರ ಹಿಂದಿನ ಸಾಲಿನಲ್ಲಿ ಒಬ್ಬ ಆಳು ಇದ್ದ, ಬಾಗಿಲಷ್ಟು ಅಗಲ. ಬೆಳಗಿನ ಪಂದ್ಯದಲ್ಲಿ ಒಬ್ಬನನ್ನು ಸ್ಟ್ರೆಚರಿನಲ್ಲಿ ಕಳಿಸಿದ್ದ. ಚೆಂಡಿಗೆ ತಗುಲಲಿ ಕಾಲಿಗೆ ತಗುಲಲಿ, ನೆಲದ ಮೇಲೆ ಜಾರಿಕೊಂಡು ಎರಡೂ ಪಾದ ಮುಂದೆ ಮಾಡಿ ಬರುವುದು ಅವನ ರೀತಿ. ರಾಮಗಿರಿಯವನನ್ನು ಆಡಿಸಬೇಡ ಎಂದು ನನ್ನ ಜೀವ ಹೇಳುತ್ತಿತ್ತು. ಹತ್ತಿರ ಹೋದೆ. ಅವನು ಹಾಳೆ ಕಟ್ಟಿಕೊಳ್ಳುತ್ತಾ ತಲೆಯೆತ್ತದೆ, "ಕೂರ್ಸಬ್ಯಾಡ್ರಿ ಸಾರ್, ಕೈ ಮುಗೀತೀನಿ" ಎಂದ. ನಾನು ಕೂರಿಸಲಿಲ್ಲ. "ಖೋ ಕೇಳಿದ್ರೆ ಬಿಟ್ಬಿಡ್ಬೇಕು" ಎಂದಷ್ಟೇ ಹೇಳಿದೆ. "ಆಯ್ತು ಸಾರ್" ಎಂದ.

ಗೆರೆಯ ಹೊರಗೆ ಅವನ ಅಣ್ಣ ಬಂದು ನಿಂತಿದ್ದರು. ಕೈಯಲ್ಲಿ ಟವೆಲು ಹಿಂಡುತ್ತಿದ್ದರು.

ಒಂದು ಗೋಲು ಅವರು ಹೊಡೆದರು, ಒಂದು ನಾವು ಹೊಡೆದೆವು. ಆಟ ಮುಗಿಯುತ್ತಾ ಬಂದಾಗ ನಮ್ಮ ಗೋಲಿ ಉದ್ದಕ್ಕೆ ಒದ್ದ ಚೆಂಡು ರಾಮಗಿರಿಯವನಿಗೆ ಸಿಕ್ಕಿತು. ಅವನು ಓಡಿದ. ಅಂಥ ಓಟವನ್ನು ನಾನು ಆಮೇಲೆ ಕಂಡಿಲ್ಲ. ಒಬ್ಬನನ್ನು ದಾಟಿದ, ಇನ್ನೊಬ್ಬನನ್ನು ದಾಟಿದ. ಅವನ ಹಿಂದೆ ಬರಬೇಕಿದ್ದ ನಮ್ಮವನು ಎಲ್ಲೋ ಉಳಿದುಬಿಟ್ಟಿದ್ದ. ಹಿಂದೆ ಯಾರೂ ಇಲ್ಲ. ಮುಂದೆ ಆ ಬಾಗಿಲಿನಂಥ ಆಳು, ಅವನ ಹಿಂದೆ ಅವರ ಗೋಲಿ, ಅಷ್ಟೇ. ಆಳು ಕೆಳಗೆ ಬಾಗಿದ್ದು ಕಂಡಿತು. ಜಾರಲು ತಯಾರಾಗುತ್ತಿದ್ದ. ನಮ್ಮ ಹುಡುಗ ಸೊಂಟ ಬಾಗಿಸಲಿಲ್ಲ. ಮುಂದಿನ ಕಾಲು ಊರಿದ. ಗೆರೆಯ ಪಕ್ಕ ನಾನಿದ್ದ ಜಾಗದಿಂದ ಅವನ ಮುಖದ ಒಂದು ಮಗ್ಗುಲು ಸರಿಯಾಗಿ ಕಾಣುತ್ತಿತ್ತು. ಕಣ್ಣು ಮುಚ್ಚಿದ್ದ.

"ಖೋ!"

ಕೂಗಿದ್ದು ನಾನು. ಕೂಗಬೇಕು ಎಂದು ಯೋಚಿಸಿ ಕೂಗಿದ್ದಲ್ಲ, ಎದೆಯಿಂದ ತಾನೇ ಕಿತ್ತು ಬಂತು. ಹುಡುಗನ ಮೈ ತಿರುಗಿತು, ಅಂಗಾಲು ಚೆಂಡನ್ನು ನಿಲ್ಲಿಸಿತು. ಆಳು ಜಾರಿಕೊಂಡು ಅವನಿದ್ದ ಜಾಗವನ್ನು ದಾಟಿ ಹೋದ. ಚೆಂಡು ಒಂಟಿಯಾಗಿ ನಿಂತಿತ್ತು. ಎಡಗಡೆಯಿಂದ ಬಂದ ಅವರ ಇನ್ನೊಬ್ಬ ಆಟಗಾರ ಅದನ್ನು ನಮ್ಮ ಗೋಲಿನ ಕಡೆಗೆ ಎತ್ತಿ ಒದ್ದ. ನಮ್ಮವರೆಲ್ಲ ನಡುಗೆರೆಯವರೆಗೆ ಬಂದಿದ್ದರು, ಹಿಂದೆ ಗೋಲಿಯೊಬ್ಬನೇ. ಅವರ ಮುಂದಿನ ಸಾಲಿನವನು ಚೆಂಡಿನ ಹಿಂದೆ ಓಡಿದ. ಗೋಲು ಆಯಿತು, ಆಟ ಮುಗಿದ ಸೀಟಿಯೂ ಆಯಿತು.

ಹುಡುಗ ಹಿಂದೆ ತಿರುಗಿ ಖೋ ಅಂದವನನ್ನು ಹುಡುಕುತ್ತಿದ್ದ. ಅಣ್ಣ ಗೆರೆಯ ಹೊರಗೆ ಕುಕ್ಕರಗಾಲಲ್ಲಿ ಕುಸಿದು ಕುಳಿತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡಿದ್ದರು.

ಊರಿಗೆ ಮರಳುವ ಟೆಂಪೋದಲ್ಲಿ ಜಗಳ ಶುರುವಾಯಿತು. ಹಿಂದೆ ಓಡಬೇಕಿದ್ದವನು ತಾನು ಖೋ ಅಂದಿಲ್ಲ ಎಂದು ಆಣೆ ಮಾಡಿದ. ಉಳಿದವರು ರಾಮಗಿರಿಯವನಿಗೆ, "ಹೆದ್ರಿಕಂಡು ಬಿಟ್ಟು, ಈಗ ಖೋ ಕೇಳ್ತು ಅಂತೀಯಾ" ಎಂದರು. ಅವನು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ:

"ಅವನನ್ನ ಅನ್ನಬೇಡ್ರಿ. ನಾನೇ ಕೂಗಿದ್ದು."

ಯಾರೂ ಯಾಕೆ ಎಂದು ಕೇಳಲಿಲ್ಲ. ಯಾಕೆಂದು ಎಲ್ಲರಿಗೂ ಗೊತ್ತಿತ್ತು, ಗೊತ್ತಿದ್ದರೂ ಯಾರ ಮುಖದಲ್ಲೂ ಕ್ಷಮೆ ಇರಲಿಲ್ಲ. ರಾಮಗಿರಿಯವನು ಕಾಲುಚೀಲ ಬಿಚ್ಚಿ, ಹಾಳೆಗಳನ್ನು ತೆಗೆದು ಕಿಟಕಿಯಿಂದ ಆಚೆ ಎಸೆದ. ಆಮೇಲೆ ಅವನು ಮೈದಾನಕ್ಕೆ ಬರಲಿಲ್ಲ. ಕಾರಿಡಾರಿನಲ್ಲಿ ಎದುರಾದರೆ ನಮಸ್ಕಾರ ಹೇಳಿ ಪಕ್ಕಕ್ಕೆ ಸರಿಯುತ್ತಿದ್ದ. ಉಳಿದ ಹುಡುಗರು ಮತ್ತೆ ಆ ಆಟ ಆಡಲು ಒಪ್ಪಲಿಲ್ಲ. ಹಿಂದಿನಿಂದ ಕೇಳುವ ಖೋ ನಮ್ಮವನದೋ ಸಾರ್‌ದೋ ಎಂದು ನೋಡುತ್ತಾ ಓಡುವುದು ಆಗದ ಮಾತು ಎಂದು ಗೋಲಿ ನನ್ನೆದುರೇ ಹೇಳಿದ. ಸರಿಯಾಗೇ ಹೇಳಿದ.

ಪೊಲೀಸ್ ಆಯ್ಕೆಯ ಓಟದ ದಿನ ನಾನು ರಜೆ ಹಾಕಿ ದುರ್ಗಕ್ಕೆ ಹೋದೆ. ಕರೆದವರು ಯಾರೂ ಇರಲಿಲ್ಲ. ಮೈದಾನದ ತಂತಿ ಬೇಲಿಯ ಹೊರಗೆ ಅವನ ಅಣ್ಣನ ಪಕ್ಕದಲ್ಲಿ ನಿಂತೆ. ನಮ್ಮಿಬ್ಬರಲ್ಲಿ ಯಾರು ಹೆಚ್ಚು ಬೆವರುತ್ತಿದ್ದರೋ ಹೇಳಲಾರೆ. ಹುಡುಗ ಮೊದಲ ಸುತ್ತಿನಲ್ಲೇ ಉಳಿದವರನ್ನು ಹಿಂದೆ ಹಾಕಿದ. ಉದ್ದ ಜಿಗಿತ, ಗುಂಡು ಎಸೆತ, ಎಲ್ಲ ಆಯಿತು. ಮಧ್ಯಾಹ್ನ ಹೊರಗೆ ಬಂದಾಗ ಅಣ್ಣ ಅವನನ್ನು ತಬ್ಬಿಕೊಂಡು ಅತ್ತುಬಿಟ್ಟರು. ಆಮೇಲೆ ಅವನು ನನ್ನನ್ನು ನೋಡಿದ. ಬಂದು ಎದುರಿಗೆ ನಿಂತ.

"ಆಯ್ತು ಸಾರ್" ಎಂದ.

"ನೋಡಿದೆ ಕಣಪ್ಪ" ಎಂದೆ.

"ಆವತ್ತು ನೀವು ಕೂಗದೇ ಇದ್ದಿದ್ರೆ ಗೋಲಾಗ್ತಿತ್ತು."

"ಆಗ್ತಿತ್ತೇನೋ. ಇವತ್ತು ಇಲ್ಲಿ ಇರ್ತಿರಲಿಲ್ಲ ನೀನು. ಇನ್ನೊಂದು ಸಲ ಅಂಥದ್ದೇ ಬಂದ್ರೂ ಕೂಗ್ತೀನಿ ಕಣೋ ನಾನು."

ಅವನು ಬಗ್ಗಿ ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಎದ್ದವನೇ ನನ್ನ ಮುಖವನ್ನು ನೇರವಾಗಿ ನೋಡಿ, "ಇನ್ನೊಂದು ಸಲ ಬಂದ್ರೆ ಯಾರು ಕೂಗಿದ್ರೂ ಬಿಡಲ್ಲ ಸಾರ್" ಎಂದ.

ಪೊಲೀಸ್ ಕೆಲಸಕ್ಕೆ ಹೊರಟು ನಿಂತವನ ಬಾಯಿಂದ ಆ ಮಾತು ಕೇಳಿ ನನಗೆ ಮತ್ತೆ ಹೆದರಿಕೆಯಾಯಿತು.